ಕೊಳೆ ಅವರದು, ಕೆರೆ ನಮ್ಮದು. ಸಾಲ ಯಾರ ಲೆಕ್ಕಕ್ಕೆ?



ನಗರಗಳ ಕೊಚ್ಚೆ ನೀರನ್ನು ಶುದ್ಧ ಮಾಡಿ ಹೊರಗೆ ಬಿಡುವಾಗ ಅದು ಎಷ್ಟರ ಮಟ್ಟಿಗೆ ಶುದ್ಧವಾಗಿರಬೇಕು? ಈ ಒಂದು ಪ್ರಶ್ನೆಯ ಮೇಲೆ 2015ರಿಂದ ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಹಗ್ಗಜಗ್ಗಾಟ ನಡೆದಿದೆ. ನಗರಸಭೆ, ಪುರಸಭೆ, ಜಲಮಂಡಳಿ ಎಲ್ಲರದ್ದೂ ಒಂದೇ ರಾಗ. "ಮಿತಿ ತೀರಾ ಬಿಗಿಯಾಯ್ತು. ಹಳೇ ಘಟಕಗಳಲ್ಲಿ ಆಗೋಲ್ಲ. ದುಡ್ಡಿಲ್ಲ. ಕರೆಂಟು ಬಿಲ್ಲು ಕಟ್ಟೋಕೆ ಆಗೋಲ್ಲ. ಸ್ವಲ್ಪ ಸಡಿಲ ಮಾಡಿ."

ಅವರ ಕಷ್ಟ ಅವರು ಹೇಳಿಕೊಳ್ಳಲಿ, ಬೇಡ ಅನ್ನೋಲ್ಲ. ಆದರೆ ಆ ನೀರು ಕೊನೆಗೆ ಬಂದು ನಿಲ್ಲೋದು ಎಲ್ಲಿ ಸ್ವಾಮಿ? ವಿಧಾನಸೌಧದ ಮುಂದಿನ ಕಾರಂಜಿಯಲ್ಲಲ್ಲ. ನಮ್ಮ ನಿಮ್ಮ ಊರಿನ ಕೆರೆಯಲ್ಲಿ. ಆ ಕೆರೆಯ ಊರಿಗೂ ಒಂದು ಗ್ರಾಮ ಪಂಚಾಯಿತಿ ಇದೆ. ಅದೂ ಸ್ಥಳೀಯ ಸರ್ಕಾರವೇ. ಬಿಡೋ ಸ್ಥಳೀಯ ಸರ್ಕಾರಕ್ಕೆ ಮಿತಿ ಬಿಗಿಯಾಯ್ತು ಅಂತ ಸಂಕಟ. ತಗೊಳ್ಳೋ ಸ್ಥಳೀಯ ಸರ್ಕಾರವನ್ನು ಯಾರಾದರೂ ಕರೆದು, "ನಿಮಗೆ ಎಷ್ಟು ಕೊಳೆ ಸಮ್ಮತ?" ಅಂತ ಒಂದು ಮಾತು ಕೇಳಿದ್ದಾರಾ?

ಕೇಳಿಲ್ಲ. ಯಾಕೆ ಕೇಳಿಲ್ಲ ಅನ್ನೋದಕ್ಕೆ ಕಾರಣ ದುಡ್ಡು. ನೀರು ಶುದ್ಧ ಮಾಡೋಕೆ ನಗರ ಖರ್ಚು ಮಾಡದೆ ಉಳಿಸಿದ ಪ್ರತಿ ರೂಪಾಯಿಯೂ ಹಳ್ಳಿಗೆ ಬಂದು ಸಾಲವಾಗಿ ಹುಟ್ಟುತ್ತೆ. ಖರ್ಚು ತಪ್ಪಲಿಲ್ಲ, ಹೆಗಲು ಬದಲಾಯ್ತು ಅಷ್ಟೆ. ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಇದೊಂದೇ ಮಾತು. ಲೆಕ್ಕ ಸಮೇತ ಹೇಳ್ತೀನಿ, ತಾಳ್ಮೆಯಿಂದ ಓದಿ.

ಅಂಕಿಗಳು ಹೇಗೆ ಕರಗಿದವು

ಮೊದಲು ಅವರ ಭಾಷೆ ನಮಗೆ ಗೊತ್ತಿರಬೇಕು. ಬಿ.ಓ.ಡಿ. ಅಂತ ಒಂದು ಮಾತು ಪದೇ ಪದೇ ಬರುತ್ತೆ. ಒಂದು ಲೀಟರ್ ನೀರಿನಲ್ಲಿರೋ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸೋಕೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಅನ್ನೋದೇ ಅದು. ಆ ಅಂಕಿ ಹೆಚ್ಚಿದಷ್ಟೂ ಕೊಳೆ ಹೆಚ್ಚು. ಕೊಳೆ ಹೆಚ್ಚಿದರೆ ನೀರಿನ ಉಸಿರನ್ನೆಲ್ಲ ಅದೇ ಎಳೆದುಕೊಳ್ಳುತ್ತೆ, ಮೀನು ಹೊಟ್ಟೆ ಮೇಲಾಗಿ ತೇಲುತ್ತೆ, ಕೆರೆ ನಾರುತ್ತೆ. ಹೊರಗೆ ಮೀಯೋಕೆ ಲಾಯಕ್ಕಾದ ನೀರಿನಲ್ಲಿ ಬಿ.ಓ.ಡಿ. 3 ದಾಟಬಾರದು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ವರ್ಗೀಕರಣ ಮಾಡಿದೆ. ಈ 3 ಅನ್ನೋ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿಯಲ್ಲಿ ಕೆರೆ ನದಿಗೆ ಬಿಡೋ ತ್ಯಾಜ್ಯ ನೀರಿಗೆ ಬಿ.ಓ.ಡಿ. 30 ಅಂತ ಇಟ್ಟರು. ನೀರಾವರಿಗೆ ಅಂತ ಭೂಮಿಗೆ ಹರಿಸೋದಾದರೆ 100! ರೈತನ ಹೊಲ ಅಂದರೆ ಮೂರು ಪಟ್ಟಿಗೂ ಮೀರಿ ಕೊಳೆ ತಡಕೊಳ್ಳುತ್ತೆ ಅಂತ ಲೆಕ್ಕ.

2015ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಮಂತ್ರಾಲಯಕ್ಕೆ ಸ್ವಲ್ಪ ಬುದ್ಧಿ ಬಂತು. ಕೊಳಚೆ ಶುದ್ಧೀಕರಣ ಘಟಕಗಳಿಗೇ ಅಂತ ಒಂದು ಕರಡು ಹೊರಡಿಸಿದರು. ಬಿ.ಓ.ಡಿ. 10. ನೀರಲ್ಲಿ ತೇಲೋ ಮಡ್ಡಿ 20. ಒಟ್ಟು ಸಾರಜನಕ 10. ಮಲದ ರೋಗಾಣು ನೂರು ಮಿಲಿಲೀಟರಿಗೆ 100ಕ್ಕಿಂತ ಕಡಿಮೆ. ದೊಡ್ಡ ಊರು, ಚಿಕ್ಕ ಊರು ಅನ್ನೋ ಭೇದ ಇಲ್ಲ, ಎಲ್ಲಕ್ಕೂ ಒಂದೇ ಮಿತಿ. ಒಳ್ಳೆಯ ಕರಡು.

2017ರ ಅಕ್ಟೋಬರ್ 13ರಂದು ಅದು ಅಧಿಸೂಚನೆಯಾಗಿ ಹೊರಬಂದಾಗ ನೋಡಿದರೆ ಎಮ್ಮೆ ಹೋಗಿ ಕರು ಉಳಿದಿತ್ತು. ಬಿ.ಓ.ಡಿ. ಮಹಾನಗರಗಳಿಗೆ 20, ಮಿಕ್ಕ ಊರುಗಳಿಗೆ 30. ಮಡ್ಡಿ ಮಹಾನಗರಗಳಿಗೆ 50, ಮಿಕ್ಕವರಿಗೆ 100. ರೋಗಾಣು 100 ಇದ್ದದ್ದು 1,000. ಸಾರಜನಕದ ಮಿತಿಯನ್ನಂತೂ ಪೂರ್ತಿ ಕಿತ್ತೇ ಹಾಕಿದರು.

ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. ತಜ್ಞರ ಸಮಿತಿ ಮಹಾನಗರಗಳಿಗೆ ಬಿ.ಓ.ಡಿ. 10, ಮಡ್ಡಿ 20, ಸಾರಜನಕ 10, ಕೆರೆಗೆ ಬಿಡೋದಾದರೆ ರಂಜಕ 1 ಅಂತ ಶಿಫಾರಸು ಮಾಡಿತ್ತು. ಅದೇ ಮಿತಿ ದೇಶದ ಮಿಕ್ಕ ಊರುಗಳಿಗೂ ಅನ್ವಯವಾಗಲಿ ಅಂದಿತು ನ್ಯಾಯಮಂಡಳಿ. ಅಲ್ಲಿಂದ ಸ್ಥಳೀಯ ಸಂಸ್ಥೆಗಳ ಗೋಳು ಇನ್ನೂ ಜೋರಾಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಮಹಾನಗರಕ್ಕೆ 20, ಚಿಕ್ಕ ಊರಿಗೆ 30 ಅಂದರೇನು? ಬೆಂಗಳೂರಿನ ನೀರಿಗಿಂತ ನಮ್ಮ ತಾಲ್ಲೂಕು ಪಟ್ಟಣದ ನೀರು ಒಂದೂವರೆ ಪಟ್ಟು ಕೊಳಕಾಗಿದ್ದರೂ ಪರವಾಗಿಲ್ಲ ಅಂತ ತಾನೆ? ಆ ಪಟ್ಟಣದ ರಾಜಕಾಲುವೆ ಪಕ್ಕದ ಹಳ್ಳಿಯ ಕೆರೆಗೇ ನೇರ ಇಳಿಯುತ್ತೆ. ಅದೇ ಕೆರೆಯಲ್ಲಿ ದನ ನೀರು ಕುಡಿಯುತ್ತೆ. ಯಾರು ಹತ್ತಿರ ಇದ್ದಾರೋ ಅವರಿಗೇ ಹೆಚ್ಚು ಕೊಳೆ. ಇದು ಯಾವ ಶಾಸ್ತ್ರ?

ಕೋಲಾರದ ಲೆಕ್ಕ

ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯೋ ನದಿ ಇಲ್ಲ. ಪಾಲಾರ್, ಪಿನಾಕಿನಿ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಮರಳು. ಹಿರಿಯರು ಕಟ್ಟಿದ ಕೆರೆಗಳೇ ನಮಗೆ ನದಿ. ಆ ಕೆರೆ ಬತ್ತಿದ ಮೇಲೆ ಸಾವಿರ ಅಡಿ ದಾಟಿ ಬೋರು ಕೊರೆದೆವು. ಕೊರೆದ ಬೋರಲ್ಲಿ ಫ್ಲೋರೈಡ್ ಬಂತು, ಕೆಲವಕ್ಕೆ ಬರೀ ಧೂಳು ಬಂತು. ಸಾಲ ಮಾತ್ರ ತಪ್ಪದೆ ಬಂತು.

ಇಂಥ ಜಾಗಕ್ಕೆ ಸರ್ಕಾರ ಕೆ.ಸಿ. ವ್ಯಾಲಿ ಯೋಜನೆ ತಂದಿತು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಘಟಕಗಳಲ್ಲಿ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಪಂಪು ಹೊಡೆದು ಎತ್ತಿ 126 ಕೆರೆ ತುಂಬಿಸೋ ಯೋಜನೆ. ಖರ್ಚು 1,300 ಕೋಟಿ ರೂಪಾಯಿಗೂ ಹೆಚ್ಚು. 2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿತ್ತು. ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಕಾಣಿಸಿತು. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನೂ, 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಆ ಕೆರೆ ಮತ್ತೆ ಹೊತ್ತಿದ್ದನ್ನೂ ಪೇಪರಿನಲ್ಲಿ ನೋಡಿದ್ದ ಜನಕ್ಕೆ ಎದೆ ಝಲ್ ಅಂದಿದ್ದರಲ್ಲಿ ಆಶ್ಚರ್ಯವಿಲ್ಲ. ವಿಷಯ ಹೈಕೋರ್ಟಿಗೆ ಹೋಯ್ತು, ಜುಲೈನಲ್ಲಿ ತಡೆ ಬಂತು, ಆಮೇಲೆ ತೆರವಾಯ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು, ಅದೂ ಅದೇ ವರ್ಷ ತೆರವಾಯ್ತು. ನೀರು ಹರಿಯಿತು. ಇದೇ ಮಾದರಿಯಲ್ಲಿ ಹೆಬ್ಬಾಳ, ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆ ಹೊರಟಿತು. ವೃಷಭಾವತಿಯ ನೀರಿಗೂ ಯೋಜನೆ ಹಾಕಿದ್ದಾರೆ.

ಸತ್ಯ ಹೇಳೋಣ. ನೀರು ಬಂದ ಕಡೆ ಬತ್ತಿದ ಬೋರುಗಳಿಗೆ ಜೀವ ಬಂದಿದೆ. ಬೆಂಗಳೂರಿನಲ್ಲಿ ಕಾವಲುಗಾರನಾಗಿದ್ದ ರೈತ ವಾಪಸ್ಸು ಬಂದು ನೇಗಿಲು ಹಿಡಿದಿದ್ದಾನೆ. ಈ ನೀರೇ ಬೇಡ ಅನ್ನೋ ಹಟ ನಮ್ಮದಲ್ಲ. ನೀರು ಬೇಕು. ಶುದ್ಧವಾದ ನೀರು ಬೇಕು.

ಯೋಜನೆ ಶುರುವಾದಾಗ ಕೊಟ್ಟಿದ್ದು ಎರಡನೇ ಹಂತದ ಶುದ್ಧೀಕರಣದ ನೀರು. ಮೊದಲ ಹಂತದಲ್ಲಿ ಕಸ ಕಲ್ಲು ಸೋಸಿ ಮಡ್ಡಿ ಕೂರಿಸ್ತಾರೆ. ಎರಡನೇ ಹಂತದಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸ್ತಾರೆ. ಮೂರನೇ ಹಂತದಲ್ಲಿ ಉಳಿದ ಮಡ್ಡಿಯನ್ನು ಶೋಧಿಸಿ, ಸಾರಜನಕ, ರಂಜಕ, ರೋಗಾಣು ತೆಗೆದು ಹಾಕಬೇಕು. ಆ ಮೂರನೇ ಹಂತ ಬೇಕು ಅನ್ನೋದು ಮೊದಲ ದಿನದಿಂದ ಕೋಲಾರ, ಚಿಕ್ಕಬಳ್ಳಾಪುರ ಜನರ ಕೂಗು. ನೀರು ದೂಡೋಕೆ 1,300 ಕೋಟಿ ಸಿಕ್ಕಿತು. ನೀರು ತೊಳೆಯೋಕೆ ಮಾತ್ರ ಖಜಾನೆ ಖಾಲಿ!

ಈಗ ನಾವೇ ಒಂದು ಲೆಕ್ಕ ಹಾಕೋಣ. ಹೈಸ್ಕೂಲು ಓದಿದವನ ಲೆಕ್ಕ, ತಪ್ಪಿದ್ದರೆ ತಿದ್ದಿ. ಪೂರ್ತಿ 44 ಕೋಟಿ ಲೀಟರ್ ಹರಿಯುತ್ತೆ, ನೀರು ಮಿತಿಯ ತುದಿಯಲ್ಲೇ ಇರುತ್ತೆ ಅಂತ ಇಟ್ಟುಕೊಳ್ಳಿ. ಮಡ್ಡಿಯ ಮಿತಿ ಲೀಟರಿಗೆ 20 ಮಿಲಿಗ್ರಾಂ ಬದಲು 50 ಆದರೆ ವ್ಯತ್ಯಾಸ 30 ಮಿಲಿಗ್ರಾಂ. ಚಿಟಿಕೆಯೂ ಅಲ್ಲ ಅನ್ನಿಸುತ್ತೆ ಅಲ್ಲವೇ? ಗುಣಿಸಿ ನೋಡಿ. ದಿನಕ್ಕೆ 13,200 ಕೆ.ಜಿ. ಟ್ರಾಕ್ಟರ್ ಟ್ರೇಲರಿಗೆ 3 ಟನ್ ಅಂದರೆ ದಿನಾ ನಾಲ್ಕು ಲೋಡಿಗೂ ಹೆಚ್ಚು, ವರ್ಷಕ್ಕೆ 1,600 ಲೋಡು. ಅದರಲ್ಲಿ ಒಂದಷ್ಟು ಕೊಳೆತು ಕರಗಬಹುದು. ಕರಗುವಾಗ ಕೆರೆಯ ಉಸಿರು ಎಳೆಯುತ್ತೆ, ಮಿಕ್ಕಿದ್ದು ತಳದಲ್ಲಿ ಹೂಳಾಗುತ್ತೆ. ಆ ಹೂಳು ತೆಗೆಯೋಕೆ ನಾಳೆ ಟೆಂಡರು ಯಾರು ಕರೀತಾರೆ, ಬಿಲ್ಲು ಯಾರು ಮಾಡ್ಕೋತಾರೆ ಅನ್ನೋದು ನಿಮಗೆ ಗೊತ್ತೇ ಇದೆ.

ಸಾರಜನಕದ ಲೆಕ್ಕ ಇನ್ನೂ ಚೆನ್ನಾಗಿದೆ. ಲೀಟರಿಗೆ ಬರೀ 10 ಮಿಲಿಗ್ರಾಂ ಹೆಚ್ಚಾದರೆ 44 ಕೋಟಿ ಲೀಟರಿಗೆ ದಿನಕ್ಕೆ 4,400 ಕೆ.ಜಿ. ಸಾರಜನಕ. 45 ಕೆ.ಜಿ.ಯ ಒಂದು ಯೂರಿಯಾ ಚೀಲದಲ್ಲಿ ಇರೋದು ಹೆಚ್ಚು ಕಡಿಮೆ 20 ಕೆ.ಜಿ. ಸಾರಜನಕ. ಅಂದರೆ ದಿನಾ ಇನ್ನೂರಕ್ಕೂ ಹೆಚ್ಚು ಚೀಲ ಯೂರಿಯಾ ತಂದು ಕೆರೆಗೆ ಸುರಿದ ಹಾಗಾಯ್ತು. ಬಿತ್ತನೆ ಕಾಲದಲ್ಲಿ ಎರಡು ಚೀಲ ಯೂರಿಯಾಕ್ಕೆ ಸೊಸೈಟಿ ಮುಂದೆ ಸಾಲು ನಿಲ್ಲೋ ರೈತನ ಕೆರೆಗೆ!

"ಹಾಗಾದರೆ ಒಳ್ಳೇದೇ ಆಯ್ತಲ್ಲ, ಪುಕ್ಕಟೆ ಗೊಬ್ಬರ" ಅಂತ ಕೆಲವು ಮೇಧಾವಿಗಳು ಹೇಳ್ತಾರೆ. ಗೊಬ್ಬರ ಹೊಲಕ್ಕೆ ಒಳ್ಳೇದು ಸ್ವಾಮಿ, ಕೆರೆಗಲ್ಲ. ಕೆರೆಗೆ ಗೊಬ್ಬರ ಹಾಕಿದರೆ ಬೆಳೆಯೋದು ಪಾಚಿ, ಜೊಂಡು, ಅಂತರಗಂಗೆ. ಅದು ಕೊಳೆತು ಇನ್ನಷ್ಟು ಕೊಳೆ. ಇನ್ನೊಂದು ಭಾಗ ನೈಟ್ರೇಟ್ ಆಗಿ ನೆಲಕ್ಕೆ ಇಂಗಿ ಬೋರಿಗೆ ಸೇರುತ್ತೆ. "ಮಣ್ಣು ಎಲ್ಲಾ ಸೋಸುತ್ತೆ" ಅನ್ನೋದು ಇನ್ನೊಂದು ಪಾಠ. ಮಣ್ಣು ರೋಗಾಣುವನ್ನು ಬಹಳ ಮಟ್ಟಿಗೆ ತಡೆಯುತ್ತೆ, ಒಪ್ಪಿದೆ. ನೈಟ್ರೇಟನ್ನೂ ಉಪ್ಪನ್ನೂ ತಡೆಯೋಲ್ಲ. ಕುಡಿಯೋ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅನ್ನೋದು ಭಾರತೀಯ ಮಾನಕ. ದಾಟಿದರೆ ಹಾಲುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಕುಂದುತ್ತೆ. ಕಾಯಿಸಿದರೆ ಹೋಗೋ ವಿಷವಲ್ಲ ಅದು. ಕಾಯಿಸಿದಷ್ಟೂ ಗಟ್ಟಿಯಾಗುತ್ತೆ.

ಶುದ್ಧವಾದರೆ ಬೇಲಿ ಯಾಕೆ?

ಇನ್ನೊಂದು ತಮಾಷೆ. ಈ ಕೆರೆಗಳಿಂದ ನೇರವಾಗಿ ಪಂಪು ಇಟ್ಟು ನೀರೆತ್ತುವ ಹಾಗಿಲ್ಲ, ತೂಬು ಎತ್ತುವ ಹಾಗಿಲ್ಲ. ಅಂತರ್ಜಲ ಹೆಚ್ಚಿಸೋಕೆ ಮಾತ್ರ ಈ ನೀರು ಅನ್ನೋದು ಸರ್ಕಾರದ ಮಾತು. ಒಬ್ಬನೇ ಎಳಕೊಂಡರೆ ಕೆಳಗಿನ ಕೆರೆಗೆ ಸಾಲೋಲ್ಲ, ಅದು ನ್ಯಾಯವೇ. ಆದರೆ ನಾವು ನೀರು ಕೇಳಿದಾಗ "ಅದು ನೇರ ಬಳಕೆಗಲ್ಲ" ಅಂತಾರೆ. ಗುಣಮಟ್ಟ ಕೇಳಿದಾಗ "ಮಿತಿಯೊಳಗೇ ಇದೆ, ಯಾವ ಭಯವೂ ಬೇಡ" ಅಂತಾರೆ. ದನಕ್ಕೆ ಮಾತ್ರ ಈ ಆದೇಶ ಓದೋಕೆ ಬರೋಲ್ಲ, ಅದು ಹೋಗಿ ಕುಡಿಯುತ್ತೆ. ಭಯ ಇಲ್ಲ ಅನ್ನೋದಾದರೆ ಆ ಮಾತನ್ನು ಬರೆದು, ತಾರೀಖು ಹಾಕಿ, ರುಜು ಮಾಡಿ ಪಂಚಾಯಿತಿಗೆ ಕೊಡಲಿ.

ಪರೀಕ್ಷೆ ವಿಷಯವೂ ಹಾಗೇ. ಬಿ.ಓ.ಡಿ. ಪರೀಕ್ಷೆಗೆ ನೀರನ್ನು 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಟ್ಟು ನೋಡಬೇಕು. ಇವತ್ತು ತೆಗೆದ ಸೀಸೆಯ ಫಲಿತಾಂಶ ಬರೋ ಹೊತ್ತಿಗೆ 132 ಕೋಟಿ ಲೀಟರ್ ನೀರು ಹರಿದು ಹೋಗಿರುತ್ತೆ. ಹೆಣ ಸಾಗಿಸಿದ ಮೇಲೆ ವೈದ್ಯ ಬಂದು ನಾಡಿ ಹಿಡಿದ ಹಾಗೆ. ಅದೂ ಯಾವ ದಿನ, ಯಾವ ಹೊತ್ತಿನಲ್ಲಿ, ಎಲ್ಲಿ ಸೀಸೆ ತುಂಬಿಸಿದರು ಅನ್ನೋದು ನಮಗೆ ಗೊತ್ತಾಗೋದೇ ಇಲ್ಲ. ನಾವು ಕೆಲವರು ನಮ್ಮ ಕೆರೆಯ ವರದಿ ಕೊಡಿ ಅಂತ ಒಂದು ಕಚೇರಿಗೆ ಹೋಗಿದ್ದೆವು. ಒಂದು ಮೇಜಿನವರು ಇನ್ನೊಂದು ಮೇಜು ತೋರಿಸಿದರು. ಮೂರನೇ ಸಲ ಹೋದಾಗ ಇಂಗ್ಲಿಷಿನ ಒಂದು ಹಾಳೆ ಕೈಗೆ ಕೊಟ್ಟರು. ಅದರಲ್ಲಿ ಘಟಕದ ಬಾಗಿಲಲ್ಲಿ ತೆಗೆದ ನೀರಿನ ಅಂಕಿ ಇತ್ತು, ನಮ್ಮ ಕೆರೆಯ ಹೆಸರೇ ಇರಲಿಲ್ಲ. ಮದುವೆ ಮನೆಯಲ್ಲಿ ಅಡುಗೆ ರುಚಿಯಾಗಿತ್ತು ಅಂತ ಹೇಳಿ, ಎರಡು ದಿನ ಬಿಟ್ಟು ಅದನ್ನೇ ಬುತ್ತಿ ಕಟ್ಟಿ ಕಳಿಸಿದರೆ ಹೇಗೆ?

ಸಾಲ ಹುಟ್ಟುವ ಜಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ನೀರು ಕೆಟ್ಟರೆ ರೈತನ ಮನೆಯಲ್ಲಿ ಏನೇನು ಖರ್ಚು ಏಳುತ್ತೆ, ಬೆರಳು ಮಡಚಿ.

ಬೋರಿನ ನೀರಿನ ಮೇಲೆ ನಂಬಿಕೆ ಹೋದರೆ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತರಬೇಕು. ದಿನಕ್ಕೊಂದು ಕ್ಯಾನು ಅಂದರೂ ವರ್ಷಕ್ಕೆ 1,825 ರೂಪಾಯಿ. ಇದು ಮನುಷ್ಯರಿಗೆ ಮಾತ್ರ, ಹಸುವಿಗೆ ಕ್ಯಾನು ತರೋರು ಯಾರು? ನೀರಿನಲ್ಲಿ ಉಪ್ಪು ಹೆಚ್ಚಿದರೆ ಡ್ರಿಪ್ ಪೈಪಿನ ತೂತು ಕಟ್ಟುತ್ತೆ, ಮಣ್ಣು ಬಿರುಸಾಗುತ್ತೆ. ಹಿಪ್ಪುನೇರಳೆ ಎಲೆ ಕೆಟ್ಟರೆ ರೇಷ್ಮೆ ಹುಳು ಗೂಡು ಕಟ್ಟೋಲ್ಲ. ಮೀನು ಸತ್ತರೆ ಕೆರೆ ಹರಾಜು ಹಿಡಿದವನ ದುಡ್ಡು ನೀರುಪಾಲು. ಇವೆಲ್ಲಕ್ಕಿಂತ ದೊಡ್ಡದು ಮಂಡಿಯ ಬಾಯಿ. "ಇದು ಕೊಚ್ಚೆ ನೀರಿನ ಟೊಮೆಟೊ" ಅಂತ ಒಬ್ಬ ದಲ್ಲಾಳಿ ಬಾಯಿ ಬಿಟ್ಟರೆ ಸಾಕು, ಬಾಕ್ಸಿನ ರೇಟು ಬಿದ್ದು ಹೋಗುತ್ತೆ. ಮಾತು ಸುಳ್ಳಿರಬಹುದು. ಸುಳ್ಳು ಅಂತ ತೋರಿಸೋಕೆ ನಮ್ಮ ಕೈಯಲ್ಲಿ ಒಂದು ಹಾಳೆಯಾದರೂ ಇರಬೇಕಲ್ಲ?

ಈ ಖರ್ಚೆಲ್ಲ ನಮ್ಮ ಬೆಳೆಯ ಬೆಲೆಯಲ್ಲಿ ಸೇರುತ್ತಾ? ರಾಗಿಗೆ ಬೆಂಬಲ ಬೆಲೆ ನಿಗದಿ ಮಾಡುವಾಗ ಬೀಜ, ಗೊಬ್ಬರ, ಆಳು, ಎತ್ತು ಎಲ್ಲಾ ಬರೀತಾರೆ. ಕೆಟ್ಟ ಬೋರಿನ ಕಾಲಂ ಅದರಲ್ಲಿಲ್ಲ. ಟೊಮೆಟೊಗೆ ಬೆಂಬಲ ಬೆಲೆಯೇ ಇಲ್ಲ, ಇನ್ನು ಕಾಲಂ ಎಲ್ಲಿಂದ ಬರಬೇಕು? ಬೆಂಗಳೂರು ಜಲಮಂಡಳಿ ಖರ್ಚು ಹೆಚ್ಚಾಯ್ತು ಅಂತ 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿಸಿತು. 2014ರ ನಂತರ ಏರಿಸಿಲ್ಲ, ಏರಿಸದೆ ಗತಿಯಿಲ್ಲ ಅಂದಿತು. ಸರಿ. ಖರ್ಚು ಹೆಚ್ಚಾದಾಗ ದರ ಏರಿಸೋ ಅಧಿಕಾರ ನಗರಕ್ಕಿದೆ. ನಮಗೆ ಖರ್ಚು ಹೆಚ್ಚಾದಾಗ ಟೊಮೆಟೊ ದರ ಏರಿಸೋ ಅಧಿಕಾರ ಇದೆಯಾ? ಇಲ್ಲ. ನಮಗಿರೋದು ಸೊಸೈಟಿ, ಬ್ಯಾಂಕು, ಅದು ಮುಗಿದರೆ ಕೈಸಾಲ. ಅದಕ್ಕೇ ಹೇಳಿದ್ದು, ನಗರ ಉಳಿಸಿದ ರೂಪಾಯಿ ಹಳ್ಳಿಯಲ್ಲಿ ಬಡ್ಡಿ ಸಮೇತ ಹುಟ್ಟುತ್ತೆ ಅಂತ.

ಮುಂದೆ ಈ ನೀರು ಹೆಚ್ಚುತ್ತೇ ಹೊರತು ಕಡಿಮೆಯಾಗೋಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯ್ತು, ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿನ ನೀರಿನ ಯೋಜನೆ. ನಲ್ಲಿಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಚರಂಡಿಗೆ ಹೋಗುತ್ತೆ ಅಂತ ಇಂಜಿನಿಯರುಗಳೇ ಲೆಕ್ಕ ಹಿಡೀತಾರೆ. ಆ ಲೆಕ್ಕದಲ್ಲಿ ಇನ್ನೂ 62 ಕೋಟಿ ಲೀಟರ್ ಕೊಳಚೆ. ಕಾವೇರಿ ಕುಡಿಯೋದು ಅವರು. ಕುಡಿದು ಬಿಟ್ಟಿದ್ದು ಬರೋದು ನಮಗೆ.

ಸಣ್ಣ ಊರುಗಳ ಮಾತು

ಪುರಸಭೆಗಳ ಗೋಳಿನಲ್ಲಿ ನಿಜವೂ ಇದೆ. ಅದನ್ನು ಮುಚ್ಚಿಟ್ಟು ವಾದ ಮಾಡೋದು ರೈತನ ಮರ್ಯಾದೆಯಲ್ಲ. 30ರ ಲೆಕ್ಕಕ್ಕೆ ಕಟ್ಟಿದ ಹಳೇ ಘಟಕ ಒಂದೇ ದಿನದಲ್ಲಿ 10ಕ್ಕೆ ಇಳಿಯೋಲ್ಲ. ಇಪ್ಪತ್ತು ಮೂವತ್ತು ಸಾವಿರ ಜನರ ಊರಿನ ಪುರಸಭೆಗೆ ಬರೋ ಕಂದಾಯ ಪೌರಕಾರ್ಮಿಕರ ಸಂಬಳಕ್ಕೆ ಸಾಲದು. ಘಟಕ ನಡೆಸೋಕೆ ಕಲಿತ ಜನ ಇಲ್ಲ, ಮೋಟಾರು ಸುಟ್ಟರೆ ರಿಪೇರಿಗೆ ಮಂಜೂರಾತಿ ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ಅಲ್ಲೂ ಇರೋದು ನಮ್ಮಂಥ ಬಡವರೇ, ಅವರ ನೀರಿನ ಕಂದಾಯ ಏರಿಸಿ ಅಂತ ನಾವು ಕೇಳೋಲ್ಲ.

ಆದರೆ ಇದಕ್ಕೆ ಪರಿಹಾರ ಮಿತಿ ಸಡಿಲ ಮಾಡೋದಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಪುರಸಭೆಗೆ ದುಡ್ಡಿಲ್ಲದಿದ್ದರೆ ಕೊಡಬೇಕಾದ್ದು ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ. ಪುರಸಭೆಯ ಅಧ್ಯಕ್ಷರುಗಳೇ, ನಿಮ್ಮ ಅರ್ಜಿಯಲ್ಲಿ "ಮಿತಿ ಇಳಿಸಿ" ಅಂತ ಬರೆಯೋ ಜಾಗದಲ್ಲಿ "ದುಡ್ಡು ಕೊಡಿ" ಅಂತ ಬರೀರಿ. ಪಕ್ಕದಲ್ಲಿ ನಾವೂ ರುಜು ಹಾಕ್ತೀವಿ. ನಿಮ್ಮ ಚರಂಡಿಯ ಕೆಳಗಿನ ಹಳ್ಳಿ ನಿಮ್ಮ ಶತ್ರುವಲ್ಲ. ನಿಮ್ಮ ಸಂತೆಗೆ ಸೊಪ್ಪು ತರಕಾರಿ ಬರೋದು ಅದೇ ಹಳ್ಳಿಯಿಂದ. ಇವತ್ತು ನೀವು ಬಿಟ್ಟ ನೀರು ನಾಳಿದ್ದು ನಿಮ್ಮ ತಟ್ಟೆಗೇ ಬರುತ್ತೆ.

ಬೆಂಗಳೂರಿನ ಮಾತು ಬೇರೆ. ಅಲ್ಲಿ ನೀರಿನ ಬಿಲ್ಲಿನ ಜೊತೆಗೇ ಒಳಚರಂಡಿ ಶುಲ್ಕ ವಸೂಲಾಗುತ್ತೆ. ಚರಂಡಿ ಶುಲ್ಕ ಅಂದರೆ ಕೊಳೆಯನ್ನು ಕಣ್ಣಿಗೆ ಕಾಣದ ಕಡೆ ಸಾಗಿಸೋ ಬಾಡಿಗೆ ಅಂತ ತಿಳಕೊಂಡಿದ್ದಾರೆ. ಪೂರ್ತಿ ತೊಳೆದು ಕಳಿಸೋ ಕೂಲಿಯೂ ಅದರಲ್ಲೇ ಸೇರಬೇಕು.

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡ್ತಾರೆ ಅಂತ ನಮ್ಮನ್ನು ಹಂಗಿಸೋರಿದ್ದಾರೆ. ಸ್ವಾಮಿ, ಇದು ದಾನವಲ್ಲ. ಈ ಕೊಳಚೆ ಎಲ್ಲಾದರೂ ಹೋಗಲೇಬೇಕಿತ್ತು. ಬೆಳ್ಳಂದೂರಿನಲ್ಲಿ ಹೊತ್ತಿ ಉರಿದು ಊರಿನ ಮಾನ ಕಳೆದಿತ್ತು. ಅದನ್ನು ನಮ್ಮ 126 ಕೆರೆ ತಮ್ಮ ಮಡಿಲಿಗೆ ಹಾಕಿಕೊಂಡವು. ಹಂಗಿನಲ್ಲಿರೋರು ಯಾರು, ಹಂಗಿಸೋರು ಯಾರು? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ!

ನಾವು ಕೇಳುವುದು

ಒಂದು: ಯಾವುದೇ ಕೆರೆಗೆ ಸೇರೋ ಶುದ್ಧೀಕರಿಸಿದ ನೀರಿಗೆ, ಅದು ಬೆಂಗಳೂರಿನದಾಗಲಿ ತಾಲ್ಲೂಕು ಪಟ್ಟಣದ್ದಾಗಲಿ, ಬಿ.ಓ.ಡಿ. 10, ಮಡ್ಡಿ 20, ಸಾರಜನಕ 10, ರಂಜಕ 1 ಇದೇ ಮಿತಿ ಇರಬೇಕು. ಸಣ್ಣ ಊರುಗಳ ಘಟಕ ಸುಧಾರಣೆಗೆ ಸರ್ಕಾರ ಹಣ ಕೊಡಬೇಕು, ಕಾಲಮಿತಿ ಹಾಕಬೇಕು.

ಎರಡು: ಘಟಕದ ಬಾಗಿಲಿನಲ್ಲೂ ಕೆರೆಗೆ ನೀರು ಬೀಳುವ ಬಾಯಲ್ಲೂ ಎರಡು ಕಡೆ ಪರೀಕ್ಷೆಯಾಗಬೇಕು. ಮೂರು ದಿನದ ಪರೀಕ್ಷೆಯ ಜೊತೆಗೆ ಕರಗಿದ ಆಮ್ಲಜನಕ, ಉಪ್ಪಿನಂಶ, ಕದಡು ಇವನ್ನು ಆ ಕ್ಷಣದಲ್ಲೇ ತೋರಿಸೋ ಮೀಟರು ಇಡಬೇಕು.

ಮೂರು: ಅಚ್ಚುಕಟ್ಟಿನ ಬಾವಿ, ಬೋರುಗಳ ನೀರನ್ನು ವರ್ಷಕ್ಕೆ ಎರಡು ಸಲ ಸರ್ಕಾರದ ಖರ್ಚಿನಲ್ಲಿ ಪರೀಕ್ಷೆ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಬಾವಿಯ ಯಜಮಾನನ ಕೈಗೆ ಕೊಡಬೇಕು.

ನಾಲ್ಕು: ಮಿತಿ ಮೀರಿದ ದಿನ ನೀರು ನಿಲ್ಲಿಸಿ ಅಂತ ಗ್ರಾಮ ಪಂಚಾಯಿತಿ ಲಿಖಿತವಾಗಿ ಹೇಳಿದರೆ ವಾಲ್ವು ಮುಚ್ಚಲೇಬೇಕು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಕುಡಿಯುವ ನೀರು ಪಂಚಾಯಿತಿಯ ವಿಷಯ ಅಂತ 1992ರ ತಿದ್ದುಪಡಿಯಲ್ಲೇ ಬರೆದಿದ್ದಾರೆ. ಬರೆದಿದ್ದನ್ನು ಕೊಡಿ ಅಂತ ಕೇಳ್ತಿದ್ದೀವಿ. 40 ಹೆಕ್ಟೇರಿನೊಳಗಿನ ಅಚ್ಚುಕಟ್ಟಿನ ಕೆರೆ ಪಂಚಾಯಿತಿಗೆ, ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಅನ್ನೋ ಪಾಲುಪಟ್ಟಿ ತೋರಿಸಿ ಜಾರಿಕೊಳ್ಳೋದು ಬೇಡ. ನೀರಿಗೆ ಆ ಗಡಿ ಗೊತ್ತಿಲ್ಲ.

ಐದು: ನಗರದ ಒಳಚರಂಡಿ ಶುಲ್ಕದಲ್ಲಿ ಒಂದು ಪಾಲನ್ನು ನಷ್ಟ ಪರಿಹಾರದ ನಿಧಿಯಾಗಿ ತೆಗೆದಿಡಬೇಕು. ಕೆಟ್ಟ ನೀರಿನಿಂದ ಬೆಳೆ, ಮೀನು, ಬಾವಿ ಕೆಟ್ಟ ರೈತನ ಸಾಲ ವಸೂಲಿ ಅಲ್ಲಿಯ ತನಕ ನಿಲ್ಲಬೇಕು.

ಬಾಂಧವರೇ, 1980ರ ದಶಕದಲ್ಲಿ ನಮ್ಮ ಹಿರಿಯರು ಊರ ಬಾಗಿಲಿಗೆ ಬೋರ್ಡು ನೆಟ್ಟಿದ್ದರು. ಊರಿನ ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಕಾಲಿಡಬಾರದು ಅಂತ. ಜಪ್ತಿಗೆ ಬಂದ ಜೀಪು ಆ ಬೋರ್ಡು ಓದಿ ಹಿಂತಿರುಗಿದ್ದನ್ನು ನಮ್ಮಲ್ಲಿ ಈಗಲೂ ಹೇಳೋರಿದ್ದಾರೆ. ಈಗ ಕೆರೆ ಏರಿಯ ಮೇಲೆ ಒಂದು ಬೋರ್ಡು ನೆಡೋ ಕಾಲ ಬಂದಿದೆ. ಅದರಲ್ಲಿ ನಾಲ್ಕು ಕಾಲಂ ಇರಲಿ: ತಾರೀಖು, ಬಿ.ಓ.ಡಿ., ಮಡ್ಡಿ, ಸಾರಜನಕ. ತುಂಬಿಸೋ ಕೆಲಸ ಇಲಾಖೆಯದು. ತುಂಬಿಸದ ದಿನ ಬೋರ್ಡು ಖಾಲಿ ಇರಲಿ. ಬಸ್ಸಿನಲ್ಲಿ ಹೋಗೋರೆಲ್ಲ ಆ ಖಾಲಿ ಜಾಗ ನೋಡಲಿ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಹೆಣ್ಣುಮಕ್ಕಳನ್ನೂ ಕರಕೊಂಡು ಹೋಗಿ, ಬೋರಿನ ನೀರು ಹೊತ್ತು ತರೋರು ಅವರೇ. ಈ ಐದು ಬೇಡಿಕೆಯನ್ನು ಠರಾವಾಗಿ ಬರೆಸಿ, ನಡಾವಳಿ ಪುಸ್ತಕದಲ್ಲಿ ಸೇರಿಸಿದ ಮೇಲೇ ಎದ್ದು ಬನ್ನಿ. ಒಂದು ಪ್ರತಿ ಜಿಲ್ಲಾ ಪಂಚಾಯಿತಿಗೆ, ಒಂದು ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಒಂದು ಪ್ರತಿ ನಿಮ್ಮ ಶಾಸಕರಿಗೆ ಕಳಿಸಿ ಸ್ವೀಕೃತಿ ಇಸ್ಕೊಳ್ಳಿ. ಇನ್ನೊಂದು ಪ್ರತಿ ಈ ಪತ್ರಿಕೆಗೂ ಹಾಕಿ. ಯಾವ ಯಾವ ಊರಿಂದ ಬಂತು ಅಂತ ಮುಂದಿನ ಸಂಚಿಕೆಗಳಲ್ಲಿ ಹೆಸರು ಸಮೇತ ಅಚ್ಚು ಹಾಕೋಣ.